ಗಾಲ್‌ಬ್ಲಾಡರಿನ ಕಲ್ಲು: ಬಿಡುವುದಾ, ಕರಗಿಸುವುದಾ, ತೆಗೆಸುವುದಾ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಮೆಡಿಕಲ್ ಶಾಪ್ ಇದೆ. ನಾನು ಡಾಕ್ಟರಲ್ಲ, ಫಾರ್ಮಸಿಸ್ಟ್. ಹತ್ತೊಂಬತ್ತು ವರ್ಷದಿಂದ ಕೌಂಟರಿನ ಈಚೆ ನಿಂತು ಅತಿ ಹೆಚ್ಚು ಸಲ ಕೇಳಿದ ಮಾತು "ಗ್ಯಾಸಿಗೊಂದು ಮಾತ್ರೆ ಕೊಡಿ" ಎಂಬುದು. ಊರಲ್ಲಿ ಎಲ್ಲಾದರೂ ಮದುವೆ, ಪೂಜೆ ಅಂತ ಜಂಬರದ ಊಟ ಇದ್ದರೆ ಮರುದಿನ ನಾನು ಶಟರ್ ಎತ್ತುವ ಮೊದಲೇ ಇಬ್ಬರಾದರೂ ಹೊಟ್ಟೆ ಹಿಡಿದುಕೊಂಡು ನಿಂತಿರುತ್ತಾರೆ. ಹೆಚ್ಚಿನವರಿಗೆ ಅದು ಗ್ಯಾಸೇ. ಕೆಲವರಿಗೆ ಅಲ್ಲ.

ನನ್ನ ಅಮ್ಮನಿಗೂ ಅದು ಗ್ಯಾಸ್ ಆಗಿರಲಿಲ್ಲ. ಎಂಟು ತಿಂಗಳು ನಾನೇ ಕೈಯಾರೆ ಪ್ಯಾಂಟೊಪ್ರಜೋಲ್ ಎಂಬ ಗ್ಯಾಸಿನ ಮಾತ್ರೆ ಕೊಟ್ಟೆ. "ನಿನ್ನ ಮಾತ್ರೆಯಲ್ಲಿ ಏನೂ ಇಲ್ಲ ಮಗಾ" ಎಂದು ಅಮ್ಮ ಒಂದು ದಿನ ಹೇಳಿದ ಮೇಲೆ ಸ್ಕ್ಯಾನಿಂಗ್ ಮಾಡಿಸಿದೆವು. ಪಿತ್ತಕೋಶದಲ್ಲಿ, ಅಂದರೆ ಗಾಲ್‌ಬ್ಲಾಡರಿನಲ್ಲಿ, ಮೂರು ಕಲ್ಲು. 2019ರ ಮಳೆಗಾಲ ಅದು.

ಈಗ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದುಕೊಂಡು ಬರುವವರು ಜಾಸ್ತಿ. ಕಾಗದವನ್ನು ಕೌಂಟರಿನ ಮೇಲಿಟ್ಟು "ಇದಕ್ಕೆ ಏನು ಮಾಡುವುದು?" ಎಂದು ಕೇಳುತ್ತಾರೆ. ಅಷ್ಟು ಹೊತ್ತಿಗೆ ಅವರ ಕಿವಿಗೆ ನಾಲ್ಕು ಸಲಹೆ ಬಿದ್ದಿರುತ್ತದೆ. ಸರ್ಜನ್ ತೆಗೆಯಿರಿ ಅಂದಿರುತ್ತಾರೆ. ಭಾವ ಬಾಳೆದಿಂಡಿನ ರಸ ಅಂದಿರುತ್ತಾನೆ. ಯಾರೋ ಮಾತ್ರೆಯಲ್ಲಿ ಕರಗುತ್ತದೆ ಅಂದಿರುತ್ತಾರೆ. ವಾಟ್ಸಾಪಿನಲ್ಲಿ ಎಣ್ಣೆ, ಲಿಂಬೆರಸದ ವಿಡಿಯೊ ಬಂದಿರುತ್ತದೆ.

ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಹೇಳುವ ಮೊದಲು ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಕಲ್ಲು ಇವತ್ತಿನವರೆಗೆ ನೋವು ಕೊಟ್ಟಿದೆಯಾ? ಮತ್ತೆ, ಅದು ಈಗ ಎಲ್ಲಿದೆ, ಪಿತ್ತಕೋಶದ ಚೀಲದಲ್ಲಾ, ಪಿತ್ತರಸ ಕರುಳಿಗೆ ಇಳಿಯುವ ನಾಳದಲ್ಲಾ? ಇಷ್ಟು ಗೊತ್ತಾದರೆ ಮುಕ್ಕಾಲು ತೀರ್ಮಾನ ಆದ ಹಾಗೆ. ಜನ ಮೊದಲು ಹೇಳುವುದು ಕಲ್ಲಿನ ಗಾತ್ರ. ಅದು ಹೆಚ್ಚಿನ ಸಲ ಆಮೇಲಿನ ಮಾತು.

ಕಲ್ಲು ಎಲ್ಲಿಂದ ಬಂತು

ನಮ್ಮಲ್ಲಿ ತಲೆ ಸುತ್ತಿದರೂ ಪಿತ್ತ, ಬಾಯಿ ಕಹಿಯಾದರೂ ಪಿತ್ತ. ಆ ಪಿತ್ತ ಬೇರೆ. ಇಲ್ಲಿ ಹೇಳುವುದು ಲಿವರ್ ತಯಾರಿಸುವ ಹಸಿರು ಹಳದಿ ರಸದ ವಿಷಯ. ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಈ ರಸ ತಯಾರಾಗುತ್ತದೆ. ಲಿವರಿನ ಅಡಿಯಲ್ಲಿ ಅಂಟಿಕೊಂಡ ಪುಟ್ಟ ಚೀಲವೇ ಪಿತ್ತಕೋಶ. ಅದರಲ್ಲಿ ಹಿಡಿಯುವುದು 30ರಿಂದ 50 ಎಂಎಲ್ ಅಷ್ಟೆ. ಆದರೆ ಅದು ರಸದ ನೀರನ್ನು ಹೀರಿ ಗಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ತುಪ್ಪ ಸುರಿದ ಹೋಳಿಗೆ ಕರುಳಿಗೆ ಇಳಿದ ಕೂಡಲೇ ಒಂದು ಹಾರ್ಮೋನ್ ಹೊರಟು ಚೀಲವನ್ನು ಹಿಂಡುತ್ತದೆ. ಚೀಲದ ಬಾಯಿಗೆ ಕಲ್ಲು ಸಿಕ್ಕಿಕೊಂಡಿದ್ದರೆ ಹಿಂಡಿದ ರಸಕ್ಕೆ ದಾರಿ ಇಲ್ಲ. ಆಗ ಬರುವುದೇ ನೋವು. ಜಂಬರದ ರಾತ್ರಿಗೂ ಹೊಟ್ಟೆನೋವಿಗೂ ಇರುವ ಸಂಬಂಧ ಇದು.

ಕಲ್ಲಿನಲ್ಲಿ ಮುಖ್ಯವಾಗಿ ಮೂರು ಜಾತಿ. ಕೊಲೆಸ್ಟ್ರಾಲ್ ಕಲ್ಲು ಹಳದಿ ಬಣ್ಣದ್ದು. ರಸದಲ್ಲಿ ಕೊಲೆಸ್ಟ್ರಾಲ್ ಜಾಸ್ತಿಯಾಗಿ, ಚೀಲ ಸರಿಯಾಗಿ ಖಾಲಿಯಾಗದೆ ಉಳಿದಾಗ ಹರಳುಗಟ್ಟುತ್ತದೆ. "ರಕ್ತದಲ್ಲಿ ಕೊಲೆಸ್ಟ್ರಾಲ್ ನಾರ್ಮಲ್ ಇದೆಯಲ್ಲ?" ಎಂದು ಕೇಳುವವರಿದ್ದಾರೆ. ಪಿತ್ತರಸದ ಲೆಕ್ಕ ಬೇರೆ, ರಕ್ತದ ಲೆಕ್ಕ ಬೇರೆ. ಎರಡನೆಯದು ಕಪ್ಪು ಪಿಗ್ಮೆಂಟ್ ಕಲ್ಲು. ಕೆಂಪು ರಕ್ತಕಣಗಳು ಬೇಗ ಬೇಗ ಒಡೆಯುವ ಕಾಯಿಲೆಗಳಲ್ಲಿ, ಲಿವರ್ ಗಟ್ಟಿಯಾಗುವ ಸಿರೋಸಿಸ್‌ನಲ್ಲಿ ಇದು ಆಗುತ್ತದೆ. ವಯನಾಡಿನ ಬುಡಕಟ್ಟು ಜನರಲ್ಲಿ ಕಾಣುವ ಸಿಕಲ್ ಸೆಲ್ ಕಾಯಿಲೆ ಅಂಥದ್ದು. ಇಪ್ಪತ್ತರ ಹುಡುಗನಿಗೆ ಕಲ್ಲು ಕಂಡರೆ ರಕ್ತದ ಕಾಯಿಲೆ ಇದೆಯಾ ಎಂದು ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು. ಮೂರನೆಯದು ಕಂದು ಕಲ್ಲು, ಮೆತ್ತಗೆ ಇರುತ್ತದೆ. ನಾಳದಲ್ಲಿ ಸೋಂಕು ಉಳಿದುಕೊಂಡಾಗ ಹುಟ್ಟುತ್ತದೆ. ಉತ್ತರ ಭಾರತದಲ್ಲಿ ಕೊಲೆಸ್ಟ್ರಾಲ್ ಕಲ್ಲು ಹೆಚ್ಚು. ನಮ್ಮ ದಕ್ಷಿಣದಲ್ಲಿ ಪಿಗ್ಮೆಂಟ್ ಕಲ್ಲಿನ ಪಾಲು ಅಲ್ಲಿಗಿಂತ ಜಾಸ್ತಿ. ಇದು ಯಾಕೆ ಮುಖ್ಯ ಎಂದು ಮಾತ್ರೆಯ ವಿಷಯ ಬಂದಾಗ ಹೇಳುತ್ತೇನೆ.

ಯಾರಿಗೆ ಬರುತ್ತದೆ? ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಎರಡು ಮೂರು ಹೆರಿಗೆ ಆದವರಿಗೆ, ಗರ್ಭನಿರೋಧಕ ಮಾತ್ರೆ ತಗೊಳ್ಳುವವರಿಗೆ, ನಲವತ್ತು ದಾಟಿದವರಿಗೆ, ತೂಕ ಜಾಸ್ತಿ ಇರುವವರಿಗೆ, ಸಕ್ಕರೆ ಕಾಯಿಲೆಯವರಿಗೆ, ಮನೆಯಲ್ಲಿ ಬೇರೆಯವರಿಗೆ ಇದ್ದವರಿಗೆ. ಒಂದು ಕಾರಣ ಮಾತ್ರ ಜನರಿಗೆ ಆಶ್ಚರ್ಯ ತರುತ್ತದೆ: ತೂಕವನ್ನು ಗಡಿಬಿಡಿಯಲ್ಲಿ ಇಳಿಸುವುದು. ಮದುವೆಗೆ ಎರಡು ತಿಂಗಳಿರುವಾಗ ಊಟ ಬಿಟ್ಟು ಹತ್ತು ಹನ್ನೆರಡು ಕಿಲೋ ಇಳಿಸಿದವರಿಗೂ ಕಲ್ಲು ಆಗುತ್ತದೆ. ಸಪೂರ ಇರುವವರಿಗೆ ಬರುವುದೇ ಇಲ್ಲ ಎಂದೂ ಇಲ್ಲ. ನನ್ನ ಅಮ್ಮ 47 ಕಿಲೋ.

ಬಾಳೆದಿಂಡು ಮತ್ತು ಎಣ್ಣೆ, ಲಿಂಬೆರಸ

ಇದನ್ನು ಮೊದಲೇ ಮುಗಿಸಿಬಿಡುತ್ತೇನೆ. ಬಾಳೆದಿಂಡಿನ ರಸ, ಹುರುಳಿ ಬೇಯಿಸಿದ ನೀರು, ಎಳನೀರು, ದಿನಕ್ಕೆ ಮೂರು ಲೀಟರ್ ನೀರು ಎಲ್ಲ ಮೂತ್ರದ ಕಲ್ಲಿಗೆ ಹೇಳುವ ಮಾತು. ಮೂತ್ರದ ಕಲ್ಲು ಇರುವುದು ಕಿಡ್ನಿಯಲ್ಲಿ. ಅಲ್ಲಿ ಮೂತ್ರ ಹರಿಯುತ್ತದೆ. ನೀರು ಕುಡಿದರೆ ಹರಿವು ಹೆಚ್ಚಾಗಿ ಸಣ್ಣ ಕಲ್ಲು ಹೊರಗೆ ಬರಬಹುದು. ಬಂದರೆ ಕಷ್ಟ ತೀರಿತು. ಪಿತ್ತಕೋಶಕ್ಕೂ ಮೂತ್ರಕ್ಕೂ ಸಂಬಂಧ ಇಲ್ಲ, ನೀವು ಕುಡಿದ ನೀರಿಗೂ ಸಂಬಂಧ ಇಲ್ಲ. ಇನ್ನೂ ಒಂದು ವ್ಯತ್ಯಾಸ ಇದೆ, ಅದೇ ದೊಡ್ಡದು. ಕಿಡ್ನಿಯ ಕಲ್ಲು ಜಾರಿ ಹೊರಟರೆ ಒಳ್ಳೆಯದು. ಪಿತ್ತಕೋಶದ ಕಲ್ಲು ಜಾರಿ ಹೊರಟರೆ ಅಪಾಯ. ಅದು ಇಳಿಯುವುದು ಪಿತ್ತನಾಳಕ್ಕೆ, ಅಲ್ಲಿಂದ ಪ್ಯಾಂಕ್ರಿಯಾಸಿನ (ಮೇದೋಜೀರಕ ಗ್ರಂಥಿಯ) ಬಾಯಿಗೆ. ಹಾಗಾಗಿ "ಕಲ್ಲು ಜಾರಿ ಹೋಗಲಿ" ಎಂದು ಯಾರಾದರೂ ಮದ್ದು ಕೊಟ್ಟರೆ, ಯಾವ ಕಲ್ಲು ಎಂದು ಅವರಿಗೇ ತಿರುಗಿ ಕೇಳಿ.

ಶಾಕ್ ವೇವ್ ಕೊಟ್ಟು ಪುಡಿ ಮಾಡುವುದೂ ಹಾಗೇ. ಕಿಡ್ನಿ ಕಲ್ಲಿಗೆ ಅದು ದಿನನಿತ್ಯದ ಚಿಕಿತ್ಸೆ. ಪಿತ್ತಕೋಶದ ಕಲ್ಲಿಗೂ ಮೊದಲು ಮಾಡಿ ನೋಡಿದ್ದರು. ಚೂರುಗಳು ನಾಳಕ್ಕೆ ಇಳಿಯುತ್ತವೆ, ಚೀಲ ಉಳಿದದ್ದರಿಂದ ಕಲ್ಲು ಮತ್ತೆ ಹುಟ್ಟುತ್ತದೆ. ಹಾಗಾಗಿ ಈಗ ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದಾರೆ.

ಎಣ್ಣೆ, ಲಿಂಬೆರಸ, ಆಮೇಲೆ ಭೇದಿ ಉಪ್ಪು ಕುಡಿಯುವ ವಿಡಿಯೊದಲ್ಲಿ ಮರುದಿನ ಬೆಳಿಗ್ಗೆ ಹಸಿರು ಉಂಡೆಗಳು ಬಿದ್ದದ್ದನ್ನು ತೋರಿಸುತ್ತಾರೆ. ಉಂಡೆಗಳು ಬೀಳುವುದು ನಿಜ. ಅವು ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಸಾಬೂನಿನ ಹಾಗೆ ಗಟ್ಟಿಯಾದದ್ದು. ಕಲ್ಲು ಇಲ್ಲದವರು ಕುಡಿದರೂ ಬೀಳುತ್ತವೆ. ಮೇಲಾಗಿ ಅಷ್ಟು ಎಣ್ಣೆ ಕುಡಿದರೆ ಚೀಲ ಜೋರಾಗಿ ಹಿಂಡುತ್ತದೆ. ಕಲ್ಲು ಬಾಯಿಗೆ ಸಿಕ್ಕಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯ ಬೇರೆ ಇಲ್ಲ!

ಸುಮ್ಮನಿರುವ ಕಲ್ಲು

ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕಂಡಿತು. ನೋವು ಇಲ್ಲ, ಏನೂ ಇಲ್ಲ. ಇಂಥವರಿಗೆ ನನ್ನ ಮಾತು: ಸುಮ್ಮನೆ ಬಿಡಿ. ಇದು ನನ್ನೊಬ್ಬನ ಮಾತಲ್ಲ, ವೈದ್ಯಶಾಸ್ತ್ರವೂ ಹೀಗೇ ಹೇಳುತ್ತದೆ. ಇಂಥ ನೂರು ಜನರಲ್ಲಿ ವರ್ಷಕ್ಕೆ ನೋವು ಶುರುವಾಗುವುದು ಒಬ್ಬಿಬ್ಬರಿಗೆ, ಹೆಚ್ಚೆಂದರೆ ನಾಲ್ವರಿಗೆ. ನೋವೇ ಬಾರದೆ ನೇರವಾಗಿ ದೊಡ್ಡ ತೊಂದರೆಗೆ ಹೋಗುವುದು ತೀರಾ ಕಡಿಮೆ. ಸಕ್ಕರೆ ಕಾಯಿಲೆ ಇದ್ದರೆ ನೋವಿಲ್ಲದಿದ್ದರೂ ತೆಗೆಸಬೇಕು ಎಂದು ಹಿಂದೆ ಹೇಳುತ್ತಿದ್ದರು. ಈಗ ಅದೊಂದೇ ಕಾರಣಕ್ಕೆ ಮಾಡುವುದಿಲ್ಲ.

ಬಿಡಬಾರದವರೂ ಇದ್ದಾರೆ. ಕಲ್ಲು 3 ಸೆಂಟಿಮೀಟರ್ ದಾಟಿದ್ದರೆ, ಕಲ್ಲಿನ ಜೊತೆ 1 ಸೆಂಟಿಮೀಟರಿಗಿಂತ ದೊಡ್ಡ ಪಾಲಿಪ್ (ಚೀಲದ ಒಳಗೋಡೆಯಲ್ಲಿ ಬೆಳೆಯುವ ಗಂಟು) ಇದ್ದರೆ, ಚೀಲದ ಗೋಡೆಯಲ್ಲಿ ಸುಣ್ಣ ಕಟ್ಟಿದ್ದರೆ ಕ್ಯಾನ್ಸರಿನ ಭಯ ಇರುತ್ತದೆ. ಗಾತ್ರ ಆಮೇಲಿನ ಮಾತು ಅಂದೆನಲ್ಲ, ಅದು ಮೊದಲಿಗೆ ಬರುವುದು ಇಲ್ಲಿ ಮಾತ್ರ. ಸಿಕಲ್ ಸೆಲ್ ಇದ್ದವರಿಗೂ ಸರ್ಜನ್ ಬೇಗ ತೆಗೆಯಲು ಹೇಳಬಹುದು. ಆ ಕಾಯಿಲೆಯ ಹೊಟ್ಟೆನೋವು ಯಾವುದು, ಕಲ್ಲಿನ ನೋವು ಯಾವುದು ಎಂದು ಬೇರೆ ಮಾಡುವುದೇ ಕಷ್ಟ.

ಇನ್ನು ನೋವು ಅಂದರೆ ಯಾವ ನೋವು? ಇದರಲ್ಲಿ ಎಡವುವವರು ತುಂಬಾ ಜನ. ಕಲ್ಲಿನ ನೋವು ಮೇಲ್ಹೊಟ್ಟೆಯ ನಡುವೆ ಅಥವಾ ಬಲಗಡೆ ಪಕ್ಕೆಲುಬಿನ ಕೆಳಗೆ ಶುರುವಾಗುತ್ತದೆ. ಬೆನ್ನಿಗೆ, ಬಲ ಹೆಗಲಿನ ಹಿಂದಕ್ಕೆ ಹರಡುತ್ತದೆ. ಊಟವಾದ ಮೇಲೆ, ಹೆಚ್ಚಾಗಿ ರಾತ್ರಿ. ಅರ್ಧ ಗಂಟೆಯಿಂದ ಐದಾರು ಗಂಟೆ ಒಂದೇ ಸಮ ಇರುತ್ತದೆ. ತೇಗಿದರೆ, ಪಾಯಿಖಾನೆಗೆ ಹೋದರೆ ಕಡಿಮೆ ಆಗುವುದಿಲ್ಲ. ಮಲಗಿದರೂ ಆಗದು, ಕೂತರೂ ಆಗದು. ಆಮೇಲೆ ಪೂರ್ತಿ ಬಿಟ್ಟುಹೋಗುತ್ತದೆ, ವಾರಗಟ್ಟಲೆ ಸುದ್ದಿಯೇ ಇರುವುದಿಲ್ಲ. ಗ್ಯಾಸಿನದು ಹಾಗಲ್ಲ. ಹೊಟ್ಟೆ ಉಬ್ಬರ, ಹುಳಿ ತೇಗು, ದಿನಾ ಸ್ವಲ್ಪ ಸ್ವಲ್ಪ ಉರಿ. ಉಬ್ಬರ ಮಾತ್ರ ಇದ್ದು ಸ್ಕ್ಯಾನಿನಲ್ಲಿ ಕಲ್ಲೂ ಕಂಡರೆ, ಚೀಲ ತೆಗೆದ ಮೇಲೂ ಆ ಉಬ್ಬರ ಉಳಿಯುವ ಸಾಧ್ಯತೆ ಜಾಸ್ತಿ. "ಆಪರೇಶನ್ ಮಾಡಿಸಿಯೂ ಗ್ಯಾಸ್ ಹೋಗಲಿಲ್ಲ ಮಾರಾಯ್ರೇ" ಎಂದು ಬರುವವರು ಇವರೇ.

ಮೇಲ್ಹೊಟ್ಟೆ ನೋವಿನ ಜೊತೆ ಬೆವರು, ಎದೆ ಹಿಡಿದ ಹಾಗೆ ಆಗುವುದು ಇದ್ದರೆ ಮೊದಲು ಇಸಿಜಿ. ಕಲ್ಲು ಇದೆ ಎಂದು ಗೊತ್ತಿದ್ದವರಿಗೂ ಹಾರ್ಟ್ ಅಟ್ಯಾಕ್ ಆಗಬಹುದು ತಾನೆ?

ಸ್ಕ್ಯಾನಿಂಗಿಗೆ ಹೋಗುವಾಗ ಆರೆಂಟು ಗಂಟೆ ಏನೂ ತಿನ್ನದೆ ಹೋಗಿ. ಹಾಲು ಹಾಕಿದ ಚಾ ಕುಡಿದರೂ ಚೀಲ ಹಿಂಡಿ ಸಣ್ಣದಾಗುತ್ತದೆ, ಒಳಗಿರುವುದು ಸರಿಯಾಗಿ ಕಾಣುವುದಿಲ್ಲ. "ಸಿಟಿ ಸ್ಕ್ಯಾನೇ ಮಾಡಿಸುವ, ಖರ್ಚು ಜಾಸ್ತಿಯಾದರೂ ಪರವಾಗಿಲ್ಲ" ಅನ್ನುವವರಿದ್ದಾರೆ. ಚೀಲದ ಕಲ್ಲು ಹುಡುಕಲು ಸಾದಾ ಅಲ್ಟ್ರಾಸೌಂಡೇ ಮೇಲು. ಸಿಟಿಯಲ್ಲಿ ಎಷ್ಟೋ ಕಲ್ಲು ಕಾಣುವುದೇ ಇಲ್ಲ.

ಮಾತ್ರೆಯಾ, ಆಪರೇಶನ್ನಾ

ಕರಗಿಸುವ ಮಾತ್ರೆ ಇದೆ. ಅರ್ಸೋಡಿಆಕ್ಸಿಕೋಲಿಕ್ ಆಸಿಡ್. ಅಂಗಡಿಯಲ್ಲಿ ನಾವು ಯುಡಿಸಿಎ ಅನ್ನುತ್ತೇವೆ. ನಾನು ಇದನ್ನು ಮಾರಿ ಲಾಭ ಮಾಡುವವನು, ಆದರೂ ಹೇಳುತ್ತೇನೆ: ಹೆಚ್ಚಿನವರಿಗೆ ಇದು ಕೆಲಸ ಮಾಡುವುದಿಲ್ಲ. ಇದು ಕರಗಿಸುವುದು ಕೊಲೆಸ್ಟ್ರಾಲ್ ಕಲ್ಲನ್ನು ಮಾತ್ರ. ಅದೂ 5ರಿಂದ 10 ಮಿಲಿಮೀಟರ್ ಒಳಗಿನದ್ದು. ಕಲ್ಲಿನಲ್ಲಿ ಸುಣ್ಣ ಸೇರಿರಬಾರದು, ಚೀಲ ಚೆನ್ನಾಗಿ ಹಿಂಡುತ್ತಿರಬೇಕು. ನಮ್ಮ ಕಡೆ ಪಿಗ್ಮೆಂಟ್ ಕಲ್ಲು ಜಾಸ್ತಿ ಅಂದೆನಲ್ಲ, ಅವುಗಳ ಮುಂದೆ ಈ ಮಾತ್ರೆ ಸೋತಿತು. ಎಲ್ಲ ಸರಿ ಇದ್ದರೂ ಆರು ತಿಂಗಳಿಂದ ಎರಡು ವರ್ಷದವರೆಗೆ ದಿನಾ ನುಂಗಬೇಕು. ಕರಗಿದ ಮೇಲೂ ಐದು ವರ್ಷದಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಕಲ್ಲು ಮರಳಿ ಬರುತ್ತದೆ.

ಹಾಗಾದರೆ ಯಾರಿಗೆ? ಹೃದಯ, ಶ್ವಾಸಕೋಶ ಸರಿ ಇಲ್ಲದೆ ಅರಿವಳಿಕೆ ಕೊಡುವುದೇ ಅಪಾಯ ಅನ್ನುವವರಿಗೆ, ಸಣ್ಣ ಕಲ್ಲು ಇದ್ದರೆ. ತೂಕ ಇಳಿಸುವ ಸರ್ಜರಿ ಆದವರಿಗೆ, ಹೊಸ ಕಲ್ಲು ಆಗದಿರಲು ಕೆಲವು ತಿಂಗಳು. ನನ್ನ ಅಂಗಡಿಗೆ ಬರುವ ಚೀಟಿಗಳಲ್ಲಿ ಇಂಥವರು ಕಡಿಮೆ. ಹೆಚ್ಚಿನವರು ಆಪರೇಶನ್ನಿಗೆ ಹೆದರಿ ನುಂಗುವವರು. ಹೆದರಿಕೆಗೆ ಮಾತ್ರೆ ಕೆಲಸ ಮಾಡುತ್ತದೆ, ಕಲ್ಲಿಗೆ ಅಲ್ಲ.

"ಕಲ್ಲು ಮಾತ್ರ ತೆಗೆದು ಚೀಲ ಉಳಿಸಲು ಆಗುವುದಿಲ್ವಾ?" ಇದು ಎಲ್ಲರೂ ಕೇಳುವ ಪ್ರಶ್ನೆ. ಆಗುತ್ತದೆ, ಆದರೆ ಉಪಯೋಗ ಇಲ್ಲ. ಕಲ್ಲು ಕಟ್ಟುವ ಚೀಲ ಮತ್ತೆ ಕಟ್ಟುತ್ತದೆ. ಚೀಲ ಇಲ್ಲದಿದ್ದರೆ ಜೀರ್ಣವಾಗುವುದು ಹೇಗೆ ಎಂಬ ಭಯ ಬೇಡ. ರಸ ತಯಾರಿಸುವುದು ಲಿವರ್. ಚೀಲ ಬರೀ ಟ್ಯಾಂಕಿ. ಟ್ಯಾಂಕಿ ತೆಗೆದರೆ ನೀರು ನೇರ ನಳ್ಳಿಗೆ ಬರುತ್ತದೆ, ಅಷ್ಟೆ. ಕೆಲವರಿಗೆ ಶುರುವಿನ ವಾರಗಳಲ್ಲಿ ಸ್ವಲ್ಪ ಭೇದಿ ಆಗುತ್ತದೆ. ಹೆಚ್ಚಿನವರಿಗೆ ತಾನಾಗಿ ಸರಿಹೋಗುತ್ತದೆ, ಸ್ವಲ್ಪ ಜನರಿಗೆ ಉಳಿಯುತ್ತದೆ. ಇದಕ್ಕೆ ಔಷಧ ಇದೆ, ಸಹಿಸಿಕೊಂಡು ಕೂರಬೇಡಿ.

ಹಾಗಾಗಿ ಒಂದು ಸಲವಾದರೂ ನಿಜವಾದ ಕಲ್ಲಿನ ನೋವು ಬಂದವರಿಗೆ, ಆಪರೇಶನ್ ತಡೆದುಕೊಳ್ಳುವಷ್ಟು ಆರೋಗ್ಯ ಇದ್ದರೆ, ತೆಗೆಸುವುದೇ ಸರಿ. ಒಮ್ಮೆ ನೋವು ಬಂದರೆ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಗರ್ಭಿಣಿಯಾಗಿದ್ದರೆ ಸಾಧ್ಯವಾದಷ್ಟು ಸಂಭಾಳಿಸುತ್ತಾರೆ. ಮಾಡಲೇಬೇಕಾದರೆ ನಾಲ್ಕರಿಂದ ಆರನೇ ತಿಂಗಳೊಳಗೆ ಅನುಕೂಲ.

ನಾಲ್ಕು ತೂತು, ಒಂದು ಗಾಯ

ಪಿತ್ತಕೋಶ ತೆಗೆಯುವ ಆಪರೇಶನ್ನನ್ನು ಮೊದಲು ಮಾಡಿದ್ದು 1882ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಕ್. ನೂರು ವರ್ಷ ಅದೇ ಉದ್ದ ಗಾಯದ ಪದ್ಧತಿ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಎಂಬ ಸರ್ಜನ್ ತೂತಿನ ಮೂಲಕ ತೆಗೆದರು. ಆಗ ಯಾರೂ ಅವರನ್ನು ನಂಬಲಿಲ್ಲ. ಭಾರತಕ್ಕೆ ಇದನ್ನು ತಂದವರು ಮುಂಬೈಯ ತೆಹೆಮ್ಟನ್ ಉಡ್ವಾಡಿಯಾ, 1990ರಲ್ಲಿ. ಈಗ ಎಲ್ಲ ಕಡೆ ಮೊದಲ ಆಯ್ಕೆ ಇದೇ. ಸಾಮಾನ್ಯವಾಗಿ ನಾಲ್ಕು ಸಣ್ಣ ತೂತು, ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ, ಕ್ಯಾಮೆರಾದಲ್ಲಿ ನೋಡಿ ಮಾಡುವುದು. ಒಂದೆರಡು ದಿನದಲ್ಲಿ ಮನೆಗೆ. ಒಂದೆರಡು ವಾರದಲ್ಲಿ ಆಫೀಸಿನ ಕೆಲಸ. ಅಡಕೆ ಗೋಣಿ ಎತ್ತುವವರು ಮಾತ್ರ ಒಂದು ತಿಂಗಳು ತಾಳಬೇಕು. ಆಪರೇಶನ್ ಆದ ಮರುದಿನ ಹೆಗಲು ನೋಯುತ್ತದೆ ಎಂದು ಗಾಬರಿಯಾಗಬೇಡಿ. ಒಳಗೆ ತುಂಬಿದ ಗಾಳಿಯ ಕೆಲಸ ಅದು, ಎರಡು ಮೂರು ದಿನದಲ್ಲಿ ಹೋಗುತ್ತದೆ.

ತೂತಿನ ಪದ್ಧತಿಯಲ್ಲಿ ಹೆದರಬೇಕಾದ ಮುಖ್ಯ ಸಂಗತಿ ಪಿತ್ತನಾಳಕ್ಕೆ ಪೆಟ್ಟಾಗುವುದು. ಸಾವಿರದಲ್ಲಿ ಮೂರರಿಂದ ಐದು ಮಂದಿಗೆ ಹಾಗಾಗುತ್ತದೆ. ಸಣ್ಣ ಸಂಖ್ಯೆ, ಆದರೆ ಆದವರಿಗೆ ದೊಡ್ಡ ಕಷ್ಟ. ಅದಕ್ಕೇ ಒಳಗೆ ಎಲ್ಲ ಅಂಟಿಕೊಂಡು ನಾಳ ಯಾವುದು ಎಂದು ತಿಳಿಯದಿದ್ದರೆ ಒಳ್ಳೆಯ ಸರ್ಜನ್ ಹಟ ಹಿಡಿಯುವುದಿಲ್ಲ. ಹೊಟ್ಟೆ ಕೊಯ್ದು ಮುಂದುವರಿಸುತ್ತಾರೆ. ಹೊರಗೆ ಕೂತ ಮನೆಯವರಿಗೆ ಅದು ಸೋಲಿನ ಹಾಗೆ ಕಾಣುತ್ತದೆ. ನನಗೂ ಹಾಗೇ ಕಂಡಿತ್ತು. ಅಮ್ಮನದು ನಾಲ್ಕು ತೂತಿನಲ್ಲಿ ಶುರುವಾಗಿ ಒಂದು ಗೇಣು ಗಾಯದಲ್ಲಿ ಮುಗಿಯಿತು. ಆರು ದಿನ ಆಸ್ಪತ್ರೆ. ಅದಕ್ಕೆ ಕಾರಣ ಸರ್ಜನ್ ಅಲ್ಲ, ನಾವು ಮಾಡಿದ ತಡ.

ಈಗಲಾ, ಆಮೇಲಾ

2019ರಲ್ಲಿ ಮಂಗಳೂರಿನ ಸರ್ಜನ್ ತೆಗೆಯಿರಿ ಎಂದಾಗ ಅಮ್ಮ "ಅಡಕೆ ಕೊಯ್ಲು ಮುಗಿಯಲಿ" ಅಂದರು. ಕೊಯ್ಲು ಮುಗಿಯಿತು. "ಚಿಕ್ಕಮ್ಮನ ಮಗಳ ಮದುವೆ ಒಂದು ಕಳೆಯಲಿ" ಅಂದರು. ಮದುವೆ ಕಳೆಯಿತು. ಅಷ್ಟರಲ್ಲಿ 2020ರ ಮಾರ್ಚ್ ಬಂತು. ಕೊರೊನಾ ಬಂತು. ತಲಪಾಡಿಯಲ್ಲಿ ಕೇರಳ, ಕರ್ನಾಟಕದ ಗಡಿ ಮುಚ್ಚಿದರು, ಒಳದಾರಿಗಳಿಗೆ ಮಣ್ಣು ಸುರಿದರು. ಕಾಸರಗೋಡಿನವರಿಗೆ ಮಂಗಳೂರು ಅಂದರೆ ಬರೀ 50 ಕಿಲೋಮೀಟರ್, ಬಸ್ಸಿನಲ್ಲಿ ಎರಡು ಗಂಟೆ. ಆ ತಿಂಗಳು ಅದು ಬೇರೆ ದೇಶವಾಗಿತ್ತು. ಅದೇ ಏಪ್ರಿಲಿನ ಮೊದಲ ವಾರ ಅಮ್ಮನಿಗೆ ನೋವು ಬಂತು. ಈ ಸಲ ಆರು ಗಂಟೆ ಕಳೆದರೂ ಬಿಡಲಿಲ್ಲ. ಜ್ವರ ಬಂತು. ಬಲಗಡೆ ಒತ್ತಿದರೆ ಉಸಿರು ಹಿಡಿದುಕೊಳ್ಳುತ್ತಿದ್ದರು.

ಇದು ಚೀಲವೇ ಊದಿಕೊಂಡ ಲಕ್ಷಣ. ಬಿಟ್ಟರೆ ಚೀಲದಲ್ಲಿ ಕೀವು ತುಂಬಬಹುದು, ಕೊಳೆಯಬಹುದು, ತೂತಾಗಬಹುದು. ಇಲ್ಲಿ ಆಯ್ಕೆ ಎರಡು. ಆಂಟಿಬಯೋಟಿಕ್ ಕೊಟ್ಟು ತಣ್ಣಗಾಗಿಸಿ ಆರು ವಾರ ಬಿಟ್ಟು ಆಪರೇಶನ್ ಮಾಡುವುದು ಒಂದು. ಅದೇ ಸಲ ಸೇರಿದಾಗಲೇ ಮಾಡಿಬಿಡುವುದು ಇನ್ನೊಂದು. ಹಳೆಯ ಕಾಲದ ಡಾಕ್ಟರರು ಮೊದಲಿನದನ್ನು ಹೇಳುತ್ತಿದ್ದರು. ಊದಿಕೊಂಡ ಚೀಲಕ್ಕೆ ಕೈ ಹಾಕಬಾರದು ಎಂಬ ಲೆಕ್ಕ. ಈಗಿನ ಅಭಿಪ್ರಾಯ ತಿರುಗಿದೆ. ನೋವು ಶುರುವಾಗಿ 72 ಗಂಟೆಯ ಒಳಗೆ ಸಿಕ್ಕಿದರೆ ಒಳ್ಳೆಯದು, ಒಂದು ವಾರದವರೆಗೂ ನಡೆಯುತ್ತದೆ. ಕಾದವರಲ್ಲಿ ಕೆಲವರು ಆರು ವಾರ ಆಗುವ ಮೊದಲೇ ಮತ್ತೆ ನೋವಿನಲ್ಲಿ ಬಂದು ಸೇರುತ್ತಾರೆ. ಮೊದಲ ಕೆಲವು ದಿನದ ಊತ ಬಿಡಿಸಲು ಸುಲಭ. ವಾರಗಳು ಕಳೆದರೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ "ಮೊದಲು ತಣ್ಣಗಾಗಲಿ" ಎಂದು ಹೇಳಿ ಕಳಿಸಿದರೆ, ಈಗಲೇ ಯಾಕೆ ಆಗುವುದಿಲ್ಲ ಎಂದು ಕೇಳಿ. ಕಾರಣ ಇರಬಹುದು. ತಡವಾಗಿ ಬಂದಿರಬಹುದು, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿರಬಹುದು. ತೀರಾ ನಿತ್ರಾಣವಾದವರಿಗೆ ಚರ್ಮದ ಮೂಲಕ ಚೀಲಕ್ಕೆ ಸಣ್ಣ ಟ್ಯೂಬ್ ಹಾಕಿ ಕೀವು ತೆಗೆದು ಜೀವ ಉಳಿಸುವುದೂ ಉಂಟು.

ಅಮ್ಮನಿಗೆ ಆ ಸಮಯದಲ್ಲಿ ಆಯ್ಕೆ ಇರಲಿಲ್ಲ. ಊರ ಆಸ್ಪತ್ರೆಯಲ್ಲಿ ಐದು ದಿನ ಡ್ರಿಪ್, ಆಂಟಿಬಯೋಟಿಕ್. ಇಳಿಯಿತು. ಆಮೇಲೆ ಎರಡು ಸಲ ಮತ್ತೆ ನೋವು. ಆಪರೇಶನ್ ಆದದ್ದು ಡಿಸೆಂಬರಿನಲ್ಲಿ. ಒಳಗೆ ಎಲ್ಲ ಅಂಟಿಕೊಂಡಿತ್ತು.

ಕಾಮಾಲೆ ಬಂದರೆ ನೆಲನೆಲ್ಲಿ ಬೇಡ

ಈ ಭಾಗವನ್ನು ಇಡೀ ಬರಹದಲ್ಲಿ ಹೆಚ್ಚು ಗಮನ ಕೊಟ್ಟು ಓದಿ. ನಮ್ಮ ಕಡೆ ಕಣ್ಣು ಹಳದಿಯಾದರೆ ಮೊದಲು ಹೋಗುವುದು ನಾಟಿ ಮದ್ದಿಗೆ. ನೆಲನೆಲ್ಲಿ ಅರೆದು ಹಾಲಿನಲ್ಲಿ ಕುಡಿಯುವುದು, ಉಪ್ಪು, ಎಣ್ಣೆ ಬಿಟ್ಟು ಪಥ್ಯ. ವೈರಸ್ಸಿನ ಕಾಮಾಲೆ ಹೆಚ್ಚಾಗಿ ತಾನಾಗಿ ಇಳಿಯುವಂಥದ್ದು, ಹಾಗಾಗಿ ಮದ್ದಿಗೆ ಹೆಸರು ಬಂತು. ಕಲ್ಲು ನಾಳಕ್ಕೆ ಇಳಿದು ದಾರಿ ಕಟ್ಟಿದಾಗಲೂ ಕಣ್ಣು ಹಳದಿಯಾಗುತ್ತದೆ. ಮೂತ್ರ ಕಡು ಚಾದ ಬಣ್ಣ, ಮಲ ಬೂದಿ ಮಣ್ಣಿನ ಬಣ್ಣ, ಮೈ ತುರಿಕೆ. ಪಥ್ಯದಿಂದ ಈ ಕಟ್ಟು ಬಿಡುವುದಿಲ್ಲ. ಇದರ ಜೊತೆ ನಡುಕ ಬಂದು ಜ್ವರ, ಮೇಲ್ಹೊಟ್ಟೆ ನೋವು ಸೇರಿದರೆ ನಾಳದಲ್ಲಿ ಸೋಂಕು ಎಂದೇ ತಿಳಿಯಬೇಕು. ಅದು ರಕ್ತಕ್ಕೆ ಸೇರಲು ದಿನಗಳು ಬೇಡ, ಗಂಟೆಗಳು ಸಾಕು. ಆ ಹೊತ್ತಿನಲ್ಲಿ ನನ್ನ ಅಂಗಡಿಗೂ ಬರಬೇಡಿ. ನೇರ ಆಸ್ಪತ್ರೆಗೆ ಹೋಗಿ.

ನಾಳದ ಕಲ್ಲಿಗೆ ಎರಡು ಪರೀಕ್ಷೆಯ ಹೆಸರು ಕೇಳುತ್ತೀರಿ, ಒಂದಕ್ಕೊಂದು ಗಲಿಬಿಲಿ ಆಗುತ್ತದೆ. ಎಂಆರ್‌ಸಿಪಿ ಬರೀ ಫೋಟೊ, ಎಂಆರ್‌ಐ ಮಷಿನಿನಲ್ಲಿ. ಇಆರ್‌ಸಿಪಿ ಚಿಕಿತ್ಸೆ. ಬಾಯಿಯ ಮೂಲಕ ಟ್ಯೂಬ್ ಇಳಿಸಿ, ನಾಳದ ಬಾಯಿ ಸ್ವಲ್ಪ ಕೊಯ್ದು, ಕಲ್ಲನ್ನು ಎಳೆದು ಹಾಕುತ್ತಾರೆ. ಹೊಟ್ಟೆಯ ಮೇಲೆ ಗಾಯ ಇಲ್ಲ ಎಂದು ಇದನ್ನು ಹಗುರ ಎಂದುಕೊಳ್ಳಬೇಡಿ. ನೂರರಲ್ಲಿ ಮೂರರಿಂದ ಹತ್ತು ಮಂದಿಗೆ ಆಮೇಲೆ ಪ್ಯಾಂಕ್ರಿಯಾಸ್ ಊದಿಕೊಳ್ಳುತ್ತದೆ. ಹಾಗಾಗಿ ನಾಳದಲ್ಲಿ ಕಲ್ಲು ಇದೆಯಾ ಎಂಬ ಅನುಮಾನ ಮಾತ್ರ ಇದ್ದರೆ ಮೊದಲು ಫೋಟೊ, ಇದೆ ಎಂದು ಖಾತ್ರಿಯಾದರೆ ಟ್ಯೂಬ್. ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ನಾಳದ ಕಲ್ಲು, ಚೀಲ ಎರಡನ್ನೂ ಒಂದೇ ಆಪರೇಶನ್ನಿನಲ್ಲಿ ತೆಗೆಯುತ್ತಾರೆ. ಅದು ಸರ್ಜನ್ನರ ಕೈಗುಣದ ಮೇಲೆ ಹೋಗುತ್ತದೆ.

ಇಆರ್‌ಸಿಪಿ ಆದವರು ಮಾಡುವ ತಪ್ಪು ಎರಡು. ಹಳದಿ ಇಳಿಯಿತು, ಇನ್ನು ಚೀಲ ಯಾಕೆ ತೆಗೆಸುವುದು ಎಂದು ಸುಮ್ಮನಾಗುವುದು ಮೊದಲನೆಯದು. ಚೀಲದಲ್ಲಿ ಉಳಿದ ಕಲ್ಲು ಮತ್ತೆ ಇಳಿಯುತ್ತದೆ. ದಾರಿ ತೆರೆದಿಡಲು ನಾಳದೊಳಗೆ ಹಾಕಿದ ಪ್ಲಾಸ್ಟಿಕ್ ಕೊಳವೆಯನ್ನು, ಅಂದರೆ ಸ್ಟೆಂಟನ್ನು, ಮರೆಯುವುದು ಎರಡನೆಯದು. ಅದನ್ನು ಮೂರು ತಿಂಗಳೊಳಗೆ ತೆಗೆಸಬೇಕು ಅಥವಾ ಬದಲಿಸಬೇಕು. ಮರೆತರೆ ಅದೇ ಕಟ್ಟಿಕೊಂಡು ಸೋಂಕು ತರುತ್ತದೆ. ಒಬ್ಬರು ಎರಡು ವರ್ಷ ಕಳೆದು ಚಳಿಜ್ವರಕ್ಕೆ ಮಾತ್ರೆ ಕೇಳಿಕೊಂಡು ಬಂದರು. ಹಳೆಯ ಡಿಸ್ಚಾರ್ಜ್ ಕಾಗದದಲ್ಲಿ ಸ್ಟೆಂಟ್ ಅಂತ ಬರೆದಿತ್ತು. ಅದು ಒಳಗಿದೆ ಎಂದೇ ಅವರಿಗೆ ಗೊತ್ತಿರಲಿಲ್ಲ.

ಕಲ್ಲು ಪ್ಯಾಂಕ್ರಿಯಾಸಿನ ಬಾಯಿ ಕಟ್ಟಿದರೆ ಹೊಟ್ಟೆಯಿಂದ ಬೆನ್ನಿಗೆ ತೂರಿದಂಥ ನೋವು, ನಿಲ್ಲದ ವಾಂತಿ. ಇದನ್ನು ತರುವುದು ಹೆಚ್ಚಾಗಿ ಸಣ್ಣ ಕಲ್ಲುಗಳು. ದೊಡ್ಡದು ಚೀಲದಿಂದ ಹೊರಗೆ ಬರುವುದು ಕಡಿಮೆ, ಸಾಸಿವೆಯಂಥದ್ದು ಜಾರುತ್ತದೆ. "ಬರೀ 4 ಎಂಎಂ, ಏನಿಲ್ಲ ಬಿಡಿ" ಎಂಬ ಸಮಾಧಾನ ಅಷ್ಟು ಸರಿಯಲ್ಲ. ಪ್ಯಾಂಕ್ರಿಯಾಸಿನ ಊತ ಹಗುರವಾಗಿ ಬಂದು ಇಳಿದರೆ, ಮನೆಗೆ ಕಳಿಸುವ ಮೊದಲೇ ಚೀಲ ತೆಗೆಯುವುದು ಒಳ್ಳೆಯದು.

ಗಡಿಯ ಯಾವ ಕಡೆ

ಸರಳವಾದ ತೂತಿನ ಆಪರೇಶನ್ನಿಗೆ ಗಡಿ ದಾಟಲೇಬೇಕೆಂದಿಲ್ಲ. ಕಾಸರಗೋಡು, ಕಾಞಂಗಾಡಿನಲ್ಲೂ ಮಾಡುವವರಿದ್ದಾರೆ. ಕಾಮಾಲೆ ಇದ್ದರೆ ಮಾತ್ರ ಮಾತು ಬೇರೆ. ಇಆರ್‌ಸಿಪಿ ಮಾಡುವ ಗ್ಯಾಸ್ಟ್ರೋ ಡಾಕ್ಟರ್ ಇರುವ ಕಡೆಗೇ ನೇರ ಹೋಗಿ, ಮಂಗಳೂರಾಗಲಿ ಕಣ್ಣೂರಾಗಲಿ. ಹೊರಡುವ ಮೊದಲು ಫೋನ್ ಮಾಡಿ "ಇಆರ್‌ಸಿಪಿ ಇದೆಯಾ, ಇವತ್ತು ಡಾಕ್ಟರ್ ಇದ್ದಾರಾ" ಎಂದು ಕೇಳಿ. ಆಂಬುಲೆನ್ಸಿನಲ್ಲಿ ಎರಡು ಆಸ್ಪತ್ರೆ ಸುತ್ತುವುದು ತಪ್ಪುತ್ತದೆ. ನಮ್ಮ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದರು. ಬಾಗಿಲು ತೆರೆದದ್ದು 2020ರಲ್ಲಿ, ಕೊರೊನಾ ಆಸ್ಪತ್ರೆಯಾಗಿ. ಕೆಲವು ಕಲ್ಲುಗಳ ಕೆಲಸ ನಿಧಾನ, ಅಲ್ವಾ.

ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡ್ ಇದ್ದವರಿಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಮಂಗಳೂರಿಗೆ ಹೋಗುವುದಾದರೆ ಆ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡ್ ನಡೆಯುತ್ತದಾ ಎಂದು ಸೇರುವ ಮೊದಲೇ ಕೌಂಟರಿನಲ್ಲಿ ಕೇಳಿ. ಸೇರಿದ ಮೇಲೆ ಕೇಳಿದರೆ ಉತ್ತರ ಬಿಲ್ಲಿನಲ್ಲಿ ಬರುತ್ತದೆ. ಇನ್ನು ಭಾಷೆ. ನಮ್ಮ ಅಮ್ಮಂದಿರಿಗೆ ನೋವು ಎಲ್ಲಿ, ಹೇಗೆ ಎಂದು ಮಲಯಾಳದಲ್ಲಿ ಹೇಳಲು ಬರುವುದಿಲ್ಲ. ಜೊತೆಗೆ ಹೋದವರು ಅವರ ಪರವಾಗಿ ಉತ್ತರ ಕೊಡುತ್ತಾರೆ, ಅರ್ಧ ತಪ್ಪು ಕೊಡುತ್ತಾರೆ. ಅಮ್ಮನಿಗೆ ಮಂಗಳೂರೇ ಬೇಕು ಅನ್ನಿಸಲು ಅರ್ಧ ಕಾರಣ ಇದೇ ಆಗಿತ್ತು, ಅದನ್ನು ನಾನು ತಪ್ಪು ಅನ್ನುವುದಿಲ್ಲ.

ಆಪರೇಶನ್ ಆದ ಮೇಲೆ ಜೀವನಪೂರ್ತಿ ಪಥ್ಯ ಬೇಕಿಲ್ಲ. ಮೊದಲ ಕೆಲವು ವಾರ ಕರಿದದ್ದು, ತುಪ್ಪ ಸ್ವಲ್ಪ ಕಡಿಮೆ, ಒಂದೇ ಸಲ ಹೊಟ್ಟೆ ಬಿರಿಯುವಷ್ಟು ಬೇಡ. ಆಮೇಲೆ ಒಂದೊಂದಾಗಿ ತಿಂದು ನೋಡಿ. ಅಮ್ಮ ಎರಡನೇ ತಿಂಗಳಿಗೆ ಹಲಸಿನ ಹಪ್ಪಳ ತಿಂದರು, ಏನೂ ಆಗಲಿಲ್ಲ.

ತೆಗೆದ ಕಲ್ಲನ್ನು ಸಣ್ಣ ಬಾಟಲಿಯಲ್ಲಿ ಹಾಕಿ ಕೊಡುತ್ತಾರೆ. ಎಲ್ಲರೂ ಅದನ್ನು ಮನೆಗೆ ತಂದು ನೆಂಟರಿಗೆಲ್ಲ ತೋರಿಸುತ್ತಾರೆ. ಚೀಲವನ್ನು ಬಯಾಪ್ಸಿಗೆ ಕಳಿಸಿರುತ್ತಾರೆ, ಅದರ ರಿಪೋರ್ಟ್ ತರಲು ಯಾರೂ ಹೋಗುವುದಿಲ್ಲ. ಎಲ್ಲೋ ಅಪರೂಪಕ್ಕೆ ಅದರಲ್ಲಿ ಕ್ಯಾನ್ಸರ್ ಸಿಗುತ್ತದೆ, ಬೇಗ ತಿಳಿದರೆ ಚಿಕಿತ್ಸೆಗೆ ಸಮಯ ಸಿಗುತ್ತದೆ. ಅಮ್ಮನ ರಿಪೋರ್ಟ್ ತರಲು ನಾನು ಹೋದದ್ದು ಹೊಲಿಗೆ ತೆಗೆಸಿ ಒಂದು ತಿಂಗಳಾದ ಮೇಲೆ. ಲ್ಯಾಬಿನ ಹುಡುಗಿ ಕಟ್ಟಿನಿಂದ ಅದನ್ನು ಹುಡುಕಿ ಕೊಡುವಷ್ಟು ಹೊತ್ತು ನನ್ನ ಕೈ ಬೆವರಿತ್ತು. ಹಳೆಯ ಊತ, ಬೇರೇನಿಲ್ಲ ಎಂದು ಬರೆದಿತ್ತು.